ಹಸಿಂತಾಳ ಕೈಗಳು

ಕೋಮಯಾಗುವಾ ಕಣಿವೆಯ ಆ ಊರಿನಲ್ಲಿ ಮಗುವೊಂದು ಉಣ್ಣದೆ ಅತ್ತರೆ ತಾಯಂದಿರು ಮೊದಲು ನೆನೆಯುತ್ತಿದ್ದುದು ಮುದುಕಿ ಹಸಿಂತಾಳನ್ನು. ತಿಂದದ್ದು ಕರುಳಿಗೆ ಅಂಟಿಕೊಂಡಿದೆಯೆಂದು ಬೆರಳಿನಿಂದಲೇ ಅರಿತು, ಬೆಚ್ಚನೆಯ ಎಣ್ಣೆಯಿಂದ ಹೊಟ್ಟೆಯನ್ನು ತೀಡಿ, ಬೆನ್ನಿನ ಚರ್ಮವನ್ನು ಹಿಡಿದೆಳೆದು 'ಟಕ್' ಎನ್ನಿಸುವಳು. ಆ ಸದ್ದು ಕೇಳಿದರೆ ಅಂಟು ಬಿಟ್ಟಿತೆಂದು ಊರಿನ ನಂಬಿಕೆ. ವಿಧವೆಯಾದ ಮೇಲೆ ಮಗಳು ದಿಲ್ಸಿಯಾಳನ್ನು ಅವಳು ಸಾಕಿದ್ದು ಈ ಕೈಗಳಿಂದಲೇ. ಅವು ದೇವಮಾತೆ ಕೊಟ್ಟ ವರವೆಂದು ಬಗೆದು, ಶಿಲುಬೆಯ ಗುರುತು ಮಾಡದೆ ಯಾವ ಮಗುವನ್ನೂ ಮುಟ್ಟಿದವಳಲ್ಲ.

ಆ ಏಪ್ರಿಲಿನಲ್ಲಿ ಮೊಮ್ಮಗಳು ನೊಯೆಮಿ ಹೊಟ್ಟೆ ಹಿಡಿದುಕೊಂಡು ಬಂದಳು.

"ಮತ್ತೆ ಉಪ್ಪು ಹಚ್ಕೊಂಡು ಮಾವಿನಕಾಯಿ ತಿಂದ್ಯೇನೇ, ಕೋತಿ?"

"ಎರಡೇ ಅಜ್ಜಿ."

"ನಿನ್ನ ಎರಡು ಅಂದ್ರೆ ಒಂದು ಬುಟ್ಟಿ. ಮಲಕ್ಕೋ."

ತಾನು ಮರದಿಂದ ಬಿದ್ದುದನ್ನು, ಕೊಂಬೆ ಎಡಪಕ್ಕೆಗೆ ಬಡಿದುದನ್ನು ಮಗು ಬೈಗುಳಕ್ಕೆ ಅಂಜಿ ಹೇಳಲಿಲ್ಲ. ಹಸಿಂತಾ ತೀಡಿದಳು. ಮಗು ಚೀರಿತು. ಚೀರಿದಷ್ಟೂ ಅಂಟು ಸಡಿಲವಾಗುವುದೆಂದು ಇನ್ನಷ್ಟು ಒತ್ತಿದಳು. ಬೆನ್ನಿನಲ್ಲಿ ಸದ್ದೂ ಆಯಿತು. "ನೋಡು, ಹೋಯ್ತು!" ಎಂದು ನಗುವಷ್ಟರಲ್ಲಿ ಮಗುವಿನ ತುಟಿ ಬಿಳಿಚಿ, ಹಣೆ ತಣ್ಣಗೆ ಬೆವೆತು, ಕಣ್ಣು ಮೇಲಕ್ಕೆ ಹೊರಳಿತು.

ರಾಜಧಾನಿಯ ಆಸ್ಪತ್ರೆಯಲ್ಲಿ ವೈದ್ಯೆ ಸ್ಕ್ಯಾನ್ ಮಾಡಿದ ಚಿತ್ರವನ್ನು ಬೆರಳಿಟ್ಟು ತೋರಿಸಿದಳು. ಎಡಪಕ್ಕೆಯ ಒಳಗೆ, ಜಠರದ ಪಕ್ಕದ ಮೆತ್ತನೆಯ ಅಂಗವಾದ ಗುಲ್ಮ ಸೀಳಿತ್ತು. ಸುತ್ತಲೂ ನೆತ್ತರು ಮಡುಗಟ್ಟಿತ್ತು.

"ಮರದಿಂದ ಬಿದ್ದೆ ಅಂತ ಈಗ ಎಚ್ಚರ ಆದ್ಮೇಲೆ ಬಾಯಿ ಬಿಟ್ಳು. ಆಮೇಲೆ ಯಾರಾದ್ರೂ ಹೊಟ್ಟೆ ಒತ್ತಿದ್ರಾ?"

ದಿಲ್ಸಿಯಾ ತಾಯಿಯ ಮುಖ ನೋಡಿದಳು.

"ನಾನೇ, ಡಾಕ್ಟ್ರಮ್ಮ," ಎಂದಳು ಹಸಿಂತಾ.

ವೈದ್ಯೆ ಬೈಯಲಿಲ್ಲ. "ಹೊಟ್ಟೆ ಕೊಯ್ಯಲ್ಲ. ತೊಡೆಸಂದಿನ ರಕ್ತನಾಳದಿಂದ ಸಪೂರದ ನಳಿಗೆ ಬಿಟ್ಟು, ಎಕ್ಸ್‌ರೇಲಿ ನೋಡ್ತಾ ನೋಡ್ತಾ ಸೋರೋ ಕಡೆ ಮುಚ್ತೀವಿ. ಸೋರೋದು ನಿಂತ್ರೆ ಬದುಕ್ತಾಳೆ. ಆಮೇಲೆ ಅಲುಗಾಡಬಾರ್ದು, ಹೊಟ್ಟೆ ಯಾರೂ ಮುಟ್ಟಬಾರ್ದು."

ಮಗುವನ್ನು ಒಳಗೆ ಒಯ್ದು ಬಾಗಿಲು ಮುಚ್ಚಿದರು. ಹಸಿಂತಾ ಜಪಮಣಿಯನ್ನು ಹಿಡಿದಳು. ಎಣ್ಣೆಯ ಜಿಡ್ಡು ಹೋಗದ ಬೆರಳುಗಳಿಂದ ಅದು ಜಾರುತ್ತಲೇ ಇತ್ತು. ಪ್ರಾರ್ಥನೆ ಮಧ್ಯದಲ್ಲೇ ನಿಂತುಹೋಯಿತು.

ಸೋರಿಕೆ ನಿಂತಿತು. ಮರುದಿನ ಮಧ್ಯಾಹ್ನ ಮಗು ಕಣ್ಣು ತೆರೆದು ಅಜ್ಜಿಯನ್ನೇ ಹುಡುಕಿತು.

"ಅಜ್ಜಿ, ನೋಯ್ತಿದೆ. ತೀಡು."

ಹಸಿಂತಾಳ ಕೈ ತಾನಾಗಿಯೇ ಮೇಲೆದ್ದಿತು.

"ಅಮ್ಮ! ಆ ಕೈ ಅವಳ ಮೈಗೆ ತಾಗಿದ್ರೆ ನಾನು ನಿನ್ನ ಮಗಳೇ ಅಲ್ಲ," ಎಂದಳು ದಿಲ್ಸಿಯಾ.

ಮುದುಕಿ ಎರಡೂ ಕೈಗಳನ್ನು ತನ್ನ ತೊಡೆಗಳಡಿ ಒತ್ತಿಕೊಂಡು ಕುಳಿತಳು. ನೋವಿಗೆ ಅಜ್ಜಿಯ ಕೈಯಲ್ಲದೆ ಬೇರೊಂದು ಮದ್ದನ್ನು ಅರಿಯದ ಆ ಮಗು, ಅವಳಿಗೆ ಕೇಳಿಸಲಿಲ್ಲವೆಂದು ಬಗೆದು, ಮತ್ತೆ ಕರೆಯಿತು.

"ತೀಡಜ್ಜಿ."