ಪದ್ಮಮ್ಮನ ಸೀಟು

ತುಮಕೂರಿನ ಹತ್ತಿರದ ಕೋರದ ಕದರಯ್ಯನ ಮಗಳು ಮಹಾಲಕ್ಷ್ಮಮ್ಮ ಮದುವೆಯಾಗಿ ಕುಣಿಗಲಿಗೆ ಬಂದದ್ದು ಎಪ್ಪತ್ತೈದನೆಯ ಇಸವಿಯ ಕೊನೆಯಲ್ಲಿ. ಗಂಡ ವೆಂಕಟರಂಗಯ್ಯನಿಗೆ ಅದು ಎರಡನೆಯ ಸಂಬಂಧ. ಬಸ್‌ಸ್ಟ್ಯಾಂಡಿನ ಎದುರು ಬೇವಿನ ಮರದಡಿ ಅವನ ಅಂಬಾಸಿಡರ್ ಟ್ಯಾಕ್ಸಿ ನಿಲ್ಲುತ್ತಿತ್ತು. ಮಾತು ಕಡಿಮೆ, ಕುಡಿತವಿಲ್ಲ, ಸ್ವಂತ ಗಾಡಿ ಇದೆ ಎಂದು ಕದರಯ್ಯ ಒಪ್ಪಿದ್ದ. ಮೊದಲ ಹೆಂಡತಿ ಪದ್ಮಮ್ಮ ಹೇಗೆ ತೀರಿಕೊಂಡಳೆಂದು ಕೇಳಿದಾಗ ವೆಂಕಟರಂಗಯ್ಯ ತಲೆ ತಗ್ಗಿಸಿ, “ಘಟ್ಟದಲ್ಲಿ ಹೋದ್ಲು” ಎಂದಷ್ಟೇ ಹೇಳಿದ್ದ. ಕಾರು ಉರುಳಿರಬೇಕು ಎಂದುಕೊಂಡು ಕದರಯ್ಯ ಸುಮ್ಮನಾದ.

ನಡುಮನೆಯ ಗೋಡೆಯ ಮೇಲೆ ಪದ್ಮಮ್ಮನ ಫೋಟೋ ಇತ್ತು. ದುಂಡು ಮುಖ, ಅಗಲ ಹಣೆ, ಇನ್ನೇನು ನಗಬೇಕು ಅನ್ನುವಂಥ ತುಟಿ. ಹೊಸದರಲ್ಲಿ ಮಹಾಲಕ್ಷ್ಮಮ್ಮ ಅದಕ್ಕೊಂದು ಗಂಧದ ಹಾರ ಹಾಕಲು ಹೋದಾಗ ಗಂಡ ಅವಳ ಕೈ ಹಿಡಿದುಕೊಂಡ.

“ಬ್ಯಾಡ. ಹೆಣ ಸಿಕ್ಕಿಲ್ಲ ಅವ್ಳ್ದು.”

ಅವಳು ಹಾರವನ್ನು ದೇವರ ಪಟಕ್ಕೆ ಹಾಕಿದಳು. ಅಂದಿನಿಂದ ದೀಪ ಹಚ್ಚುವಾಗ ಫೋಟೋದ ಕಡೆ ತಿರುಗಿ, ‘ಅಕ್ಕಾ, ತಪ್ಪು ತಿಳ್ಕೋಬೇಡ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ರೂಢಿಯಾಯಿತು.

ಸಂಕ್ರಾಂತಿ ಕಳೆದು ಚಳಿ ಸಡಿಲವಾಗುತ್ತಿದ್ದಂತೆ, ಬೆಳಗಿನ ಹೊತ್ತು ದೊಡ್ಡಕೆರೆಯ ಮೇಲೆ ಮಂಜು ಕವಿಯುವ ದಿನಗಳಲ್ಲಿ, ವೆಂಕಟರಂಗಯ್ಯ ಬೇರೆಯೇ ಮನುಷ್ಯನಾಗುತ್ತಿದ್ದ. ಗಾಡಿಯ ಬ್ರೇಕು ಬಿಚ್ಚಿಸಿ ನೋಡುತ್ತಿದ್ದ. ರೇಡಿಯೇಟರ್ ತೊಳೆಸುತ್ತಿದ್ದ. ಮಂಗಳೂರಿನ ಕಡೆಯಿಂದ ಬಂದ ಲಾರಿಯವರನ್ನು ತಡೆದು ಘಟ್ಟದ ರಸ್ತೆ ಹೇಗಿದೆಯೆಂದು ವಿಚಾರಿಸುತ್ತಿದ್ದ. ಊಟಕ್ಕೆ ಕೂತಾಗ ಅದೇ ಮಾತು.

“ಶಿವರಾತ್ರಿಗೆ ಮುಂಚೆ ಹೋಗ್ಬರಾಣ. ಹಾಸನ, ಸಕಲೇಶಪುರ, ಶಿರಾಡಿ ಇಳ್ದು ಧರ್ಮಸ್ಥಳ. ಬರ್ತಾ ಚಾರ್ಮಾಡಿ ಹತ್ಕೊಂಡ್ ಬರೋದು.”

ಮೊದಲ ವರ್ಷ ಮಹಾಲಕ್ಷ್ಮಮ್ಮ ಕುಣಿದಾಡಿಬಿಟ್ಟಳು. ಕೋರದಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲಿಗೆ ಬಂದದ್ದು ಬಿಟ್ಟರೆ ಅವಳು ಕಂಡ ದೂರವೇ ಇಲ್ಲ. ಕೋಡುಬಳೆ ಕರಿದಳು, ಪುಳಿಯೋಗರೆಗೆ ಗೊಜ್ಜು ಕುದಿಸಿದಳು, ಮದುವೆಯ ಸೀರೆ ಉಟ್ಟು ನಸುಕಿಗೇ ಬಾಗಿಲಲ್ಲಿ ನಿಂತಳು. ಕಾರಿನ ಮುಂದಿನ ಬಾಗಿಲಿಗೆ ಕೈ ಹಾಕಿದಾಗ ಗಂಡ ತಡೆದ.

“ನೀನು ಹಿಂದೆ ಕೂತ್ಕೋ. ಅವ್ಳಿಗೆ ಹಿಂದೆ ಕೂತ್ರೆ ವಾಂತಿ ಬರ್ತದೆ.”

ಬರ್ತಿತ್ತು ಎನ್ನಲಿಲ್ಲ, ಬರ್ತದೆ ಎಂದ. ಮುಂದಿನ ಸೀಟಿನ ಮೇಲೆ ಒಂದು ಜಮಖಾನ ನೀಟಾಗಿ ಮಡಚಿ ಹಾಕಿತ್ತು. ಆ ಕಡೆಯ ಕಿಟಕಿ ಅರ್ಧ ಇಳಿದಿತ್ತು. ಮಹಾಲಕ್ಷ್ಮಮ್ಮ ಹಿಂದೆ ಕೂತಳು. ವೆಂಕಟರಂಗಯ್ಯ ಇಂಜಿನ್ ಚಾಲೂ ಮಾಡಿ ಸ್ಟೀರಿಂಗ್ ಹಿಡಿದ. ಗಾಡಿ ಗುರುಗುಟ್ಟುತ್ತಲೇ ಇತ್ತು, ಕದಲಲಿಲ್ಲ. ಅವನ ಕತ್ತಿನ ಹಿಂದೆ ಬೆವರು ಒಡೆಯುವುದು ಅವಳಿಗೆ ಕಾಣಿಸಿತು. ಬಹಳ ಹೊತ್ತಿನ ಮೇಲೆ ಇಂಜಿನ್ ಆಫ್ ಮಾಡಿ, “ಇವತ್ತು ಮಂಜು ಜಾಸ್ತಿ” ಎಂದು ಇಳಿದು ಹೋದ. ಮರುದಿನವೂ ಹೊರಡಲಿಲ್ಲ. ಶಿವರಾತ್ರಿ ಕಳೆದ ಮೇಲೆ ಆ ಮಾತೇ ನಿಂತುಹೋಯಿತು. ಮುಂದಿನ ವರ್ಷ ಮತ್ತೆ ಹಾಗೆಯೇ, ಅದರ ಮುಂದಿನ ವರ್ಷವೂ ಹಾಗೆಯೇ. ಕೋಡುಬಳೆ ಕರಿಯುವುದನ್ನು ಅವಳು ಬಿಟ್ಟಳು.

ಎಪ್ಪತ್ತೊಂಬತ್ತರಲ್ಲಿ ಸಂಬಂಧಿಕರ ಮಗುವಿನ ನಾಮಕರಣಕ್ಕೆಂದು ಗುಬ್ಬಿಗೆ ಹೋದವಳು ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಮುದುಕಿ ಹತ್ತಿರ ಬಂದು ಅವಳ ಮುಖವನ್ನೇ ದಿಟ್ಟಿಸಿದಳು.

“ನೀನು ಕುಣಿಗಲ್ ಡ್ರೈವರ್ ಹೆಂಡ್ತಿ ಅಲ್ವೇನವ್ವ?”

“ಹೌದು. ನೀವ್ಯಾರು, ಗೊತ್ತಾಗ್ಲಿಲ್ಲ.”

“ನಾನು ಪದ್ಮನ ತಾಯಿ.” ಮುದುಕಿ ಅವಳ ಮುಂಗೈ ಹಿಡಿದಳು. ಸಿಟ್ಟಿನ ಹಿಡಿತವಲ್ಲ, ಮಗಳ ಕೈ ಹಿಡಿದಂತೆಯೇ ಇತ್ತು. “ಒಂದ್ ಮಾತು ಹೇಳ್ತೀನಿ, ಮನಸ್ನಾಗಿಟ್ಕೋ. ಘಟ್ಟಕ್ಕೆ ಕರ್ಕೊಂಡ್ ಹೋಗ್ತೀನಿ ಅಂದ್ರೆ ಹೋಗ್ಬ್ಯಾಡ. ನನ್ ಮಗಳು ನೀರು ತರೋಕೆ ಹೋದ್ಲಂತೆ, ಬರ್ಲಿಲ್ವಂತೆ. ಯಾರ್ ನೋಡಿದ್ರು? ಅಲ್ಲಿದ್ದೋನು ಅವ್ನೊಬ್ನೇ.”

ಬಸ್ಸು ಬಂತು. ಮುದುಕಿ ಕೈ ಬಿಟ್ಟಳು.

ಕಾರು ಉರುಳಿರಲಿಲ್ಲ ಎಂಬುದು ಮಹಾಲಕ್ಷ್ಮಮ್ಮನಿಗೆ ತಿಳಿದದ್ದು ಹಾಗೆ. ಗಂಡ ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಬೈದವನಲ್ಲ. ಎರಡು ಸಲ ಬಸಿರು ನಿಲ್ಲದೆ ಹೋದಾಗ ಆಸ್ಪತ್ರೆಯ ವರಾಂಡದಲ್ಲಿ ಕೂತು ಅತ್ತವನು ಅವನೇ. ‘ಹಿರೀಳು ಬಿಡ್ತಿಲ್ಲ’ ಎಂದು ಕೇರಿಯ ಹೆಂಗಸರು ಪಿಸುಗುಟ್ಟಿದಾಗ ಅವರನ್ನು ಮನೆಗೆ ಸೇರಿಸಬೇಡ ಎಂದವನೂ ಅವನೇ. ಆದರೂ ಸಂಕ್ರಾಂತಿ ಕಳೆದು ಅವನು ತಟ್ಟೆಯ ಮುಂದೆ ಕೂತು “ಹಾಸನ, ಸಕಲೇಶಪುರ” ಎಂದು ಶುರು ಮಾಡಿದರೆ ಅವಳು ಬಡಿಸುವುದನ್ನು ಅರ್ಧಕ್ಕೇ ಬಿಡುತ್ತಿದ್ದಳು. ಹೊರಡುವುದಿಲ್ಲ ಎಂದು ಗೊತ್ತು. ಹೊರಟುಬಿಟ್ಟರೆ? ಫೋಟೋದ ಕಡೆ ನೋಡುತ್ತಿದ್ದಳು. ಆ ತುಟಿ ನಗಲು ಹೊರಟದ್ದಲ್ಲ, ಏನೋ ಹೇಳಲು ಹೊರಟದ್ದು ಎನ್ನಿಸತೊಡಗಿತು.

ಎಂಬತ್ನಾಲ್ಕರ ಮಾಘದ ಹೊತ್ತಿಗೆ ವೆಂಕಟರಂಗಯ್ಯ ತೀರಾ ಸೊರಗಿಹೋಗಿದ್ದ. ಮಲಗಿದರೂ ನಿದ್ದೆಯಿಲ್ಲ, ನಡುವೆ ಎದ್ದು “ಯಾರೋ ಕರದ್ರು” ಎಂದು ಬಾಗಿಲು ತೆರೆಯುತ್ತಿದ್ದ. ಬಾಡಿಗೆಗೆ ಹೋದಾಗ ಯಡಿಯೂರಿನ ಹತ್ತಿರ ಗಾಡಿ ಹೊಲಕ್ಕಿಳಿಸಿದ. ಹೀಗೇ ಬಿಟ್ಟರೆ ಇವನೂ ಉಳಿಯುವುದಿಲ್ಲ, ತನ್ನ ಅನುಮಾನವೂ ಸಾಯುವುದಿಲ್ಲ ಎಂದು ಮಹಾಲಕ್ಷ್ಮಮ್ಮನಿಗೆ ಅನ್ನಿಸಿತು. ಒಂದು ಬೆಳಿಗ್ಗೆ ಮುದ್ದೆ ಬಡಿಸುತ್ತಾ ಅವಳೇ ಮಾತು ತೆಗೆದಳು.

“ಈ ಸಲ ಹೋಗೋಣ. ನಾನೇ ಹೊರಡಿಸ್ತೀನಿ.”

ಅವನು ತಲೆ ಎತ್ತಿದ.

“ಶಿರಾಡಿ ಇಳಿಯೋದು, ಚಾರ್ಮಾಡಿ ಹತ್ತೋದು. ನೀವಿಬ್ರು ಹೋದ ದಾರೀಲೇ. ಅಕ್ಕ ಹೋದ ಜಾಗ ನಂಗೂ ತೋರ್ಸಿ.”

“ಯಾಕೆ?”

“ನಂಗೆ ನೋಡ್ಬೇಕು.”

ಆಮೇಲಿನ ತಯಾರಿಯೆಲ್ಲ ಅವಳದೇ. ಸಕಲೇಶಪುರದಲ್ಲಿ ಉಳಿಯುವುದೋ ಬೇಡವೋ, ಧರ್ಮಸ್ಥಳದಿಂದ ಯಾವ ಹೊತ್ತಿಗೆ ಬಿಟ್ಟರೆ ಘಟ್ಟ ಬೆಳಕಿನಲ್ಲಿ ಸಿಗುತ್ತದೆ, ಎಷ್ಟು ಸ್ವೆಟರು, ಎಷ್ಟು ರಗ್ಗು, ಎಲ್ಲವನ್ನೂ ಕೇಳಿ ಕೇಳಿ ತೀರ್ಮಾನಿಸಿದಳು. ಹಗ್ಗ ಒಂದು ಇರಲಿ ಎಂದಳು. ಯಾಕೆಂದು ಅವನು ಕೇಳಲಿಲ್ಲ. ಹೊರಡುವ ಹಿಂದಿನ ದಿನ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ಸಿದ್ದಗಂಗಯ್ಯನನ್ನು ತರಕಾರಿ ಅಂಗಡಿಯ ಮುಂದೆ ಕಂಡು ತಗ್ಗಿದ ದನಿಯಲ್ಲಿ ಹೇಳಿದಳು.

“ಅಣ್ಣ, ಶುಕ್ರವಾರದೊಳಗೆ ನಾವು ಬರ್ದೇ ಇದ್ರೆ ಕೋರದಾಗೆ ನಮ್ಮಪ್ಪಂಗೆ ಒಂದು ಮಾತು ಮುಟ್ಸಿ.”

“ಯಾಕಮ್ಮ ಹಂಗಂತೀಯ?”

“ಘಟ್ಟದ ದಾರಿ ಅಲ್ವಾ.”

ಮಾರನೆಯ ದಿನ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಜಮಖಾನ ಮಡಚಿತ್ತು. ಇಂಜಿನ್ ಗುರುಗುಟ್ಟಿತು, ಅವನ ಕತ್ತು ಬೆವರಿತು. “ಹೊರಡಿ” ಎಂದಳು. ಗಾಡಿ ಹೊರಟಿತು.

ಶಿರಾಡಿ ಇಳಿದು ಧರ್ಮಸ್ಥಳ ಮುಟ್ಟುವವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಮಂಜುನಾಥನ ದರ್ಶನವಾಯಿತು. ಅವಳು ಏನು ಬೇಡಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಮರುದಿನ ಬೆಳಕು ಹರಿಯುತ್ತಿದ್ದಂತೆ ಉಜಿರೆ ದಾಟಿ ಚಾರ್ಮಾಡಿ ಹತ್ತತೊಡಗಿದರು. ಅರ್ಧ ಘಟ್ಟದಲ್ಲಿ ಮಂಜು ಸಿಕ್ಕಿತು. ಪಕ್ಕದ ಕಮರಿ ಕಾಣದು, ಮುಂದಿನ ತಿರುವು ಕಾಣದು. ಹಾರ್ನ್ ಹೊಡೆದರೆ ಸದ್ದು ಮಂಜಿನೊಳಗೇ ಇಂಗಿಹೋಗುತ್ತಿತ್ತು. ಒಂದು ಕಡಿದಾದ ತಿರುವಿನ ಹತ್ತಿರ ರೇಡಿಯೇಟರ್ ಕುದಿದು ಹಬೆ ಎದ್ದಿತು. ಅವನು ಗಾಡಿಯನ್ನು ಗೋಡೆಯಂಥ ಬಂಡೆಯ ಬದಿಗೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟ.

“ಇಲ್ಲೇ” ಎಂದ.

“ಅವತ್ತೂ ಇಲ್ಲೇ ಕುದೀತಾ?”

“ಇಲ್ಲೇ.” ಅವನು ಬಾನೆಟ್ಟಿಗೆ ಒರಗಿ ನಿಂತು, ಮೊದಲ ಬಾರಿಗೆ ಹೇಳಿದ. “ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ ಕಣೇ. ‘ನೀವು ಕಣ್ಣು ಮುಚ್ಕೊಳ್ಳಿ, ನೀರು ನಾನ್ ತತ್ತೀನಿ’ ಅಂದ್ಲು. ಡಬ್ಬ ತಗೊಂಡು ಕೆಳಗೆ ಇಳಿದ್ಲು. ಸೀಟಿಗೆ ಒರಗ್ದೆ. ಎಚ್ಚರ ಆದಾಗ ಬಿಸಿಲು ಬಂದಿತ್ತು. ಕೂಗಿದ್ಲೋ ಏನೋ. ಕೂಗಿದ್ರೆ ನಂಗೆ ಕೇಳಿಸ್ಲಿಲ್ಲ. ಪೊಲೀಸ್ನೋರಿಗೆ ಹುಡುಕ್ತಿದ್ದೆ ಅಂತ ಹೇಳ್ದೆ. ಮಲಗಿದ್ದೆ ಅನ್ನೋಕೆ ಬಾಯಿ ಬರ್ಲಿಲ್ಲ.”

ನಿಜ ಹೇಳುತ್ತಿದ್ದಾನೋ ಕಟ್ಟಿ ಹೇಳುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. ಡಿಕ್ಕಿಯಿಂದ ತಗಡಿನ ಡಬ್ಬ ತೆಗೆದುಕೊಂಡಳು, ಹಗ್ಗ ಅಲ್ಲೇ ಉಳಿಯಿತು.

“ಬ್ಯಾಡ ಕಣೇ, ನೀನ್ ಹೋಗ್ಬ್ಯಾಡ.”

“ನೀವು ಇಲ್ಲೇ ಇರಿ. ಕಣ್ಣು ಮಾತ್ರ ಮುಚ್ಬೇಡಿ.”

ರಸ್ತೆಯ ಅಂಚಿನಿಂದ ಒಂದು ಕಾಲುಹಾದಿ ಇಳಿಯುತ್ತಿತ್ತು. ಚಳಿಗಾಲದ ಕೊನೆಯಾದ್ದರಿಂದ ಹಳ್ಳದಲ್ಲಿ ನೀರು ತೆಳ್ಳಗಿತ್ತು. ಅದು ಚಪ್ಪಟೆ ಬಂಡೆಯೊಂದರ ಮೇಲೆ ಹರಿದು ಆಚೆ ಜರೀಗಿಡಗಳ ಮಧ್ಯೆ ಮಾಯವಾಗುತ್ತಿತ್ತು. ಬಂಡೆ ಅಲ್ಲಿಗೆ ಮುಗಿದಿಲ್ಲ, ಗಿಡಗಳ ಅಡಿಯಲ್ಲಿ ಇನ್ನೂ ಮುಂದಕ್ಕಿದೆ ಎಂದೇ ಕಾಣುತ್ತಿತ್ತು. ಡಬ್ಬ ಮುಳುಗಿಸಲು ಇನ್ನೊಂದು ಹೆಜ್ಜೆ ಇಟ್ಟಳು. ಪಾಚಿಯ ಮೇಲೆ ಕಾಲು ಜಾರಿತು. ಕುಕ್ಕರಿಸಿ ಬಿದ್ದು ಒಂದು ಬೇರು ಹಿಡಿದುಕೊಂಡಳು. ಡಬ್ಬ ಜರೀಗಿಡಗಳೊಳಗೆ ನುಗ್ಗಿತು. ತಗಡಿನ ಸದ್ದು ಕೂಡಲೇ ಕೇಳಲಿಲ್ಲ. ಕೇಳಿದಾಗ ಎಲ್ಲೋ ಪಾತಾಳದಿಂದ ಬಂದಂತಿತ್ತು. ಅವಳ ಕಾಲ ಬೆರಳುಗಳ ಮುಂದೆ ನೆಲವೇ ಇರಲಿಲ್ಲ.

ಇಲ್ಲಿ ಯಾರೂ ನೂಕಬೇಕಾಗಿಲ್ಲ ಎಂದು ಅವಳಿಗೆ ಹೊಳೆದದ್ದೂ, ಹಿಂದಿನಿಂದ ಯಾರೋ ಧಡಧಡ ಇಳಿದು ಬರುವ ಸದ್ದು ಕೇಳಿದ್ದೂ ಒಂದೇ ಕ್ಷಣದಲ್ಲಿ. ಗುಬ್ಬಿಯ ಮುದುಕಿಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಅವಳು ಬೇರನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹೆಗಲ ಮೇಲೆ ಕೈ ಬಿತ್ತು. ಅವಳು ಕಣ್ಣು ಮುಚ್ಚಿದಳು.

ಆ ಕೈ ಅವಳನ್ನು ಹಿಂದಕ್ಕೆ ಎಳೆಯಿತು. ರವಿಕೆಯ ತೋಳು ಹರಿಯುವಷ್ಟು ಜೋರಾಗಿ ಎಳೆದು, ಒಣನೆಲಕ್ಕೆ ತಂದು ಕೂರಿಸಿತು. ವೆಂಕಟರಂಗಯ್ಯ ಅವಳ ಮುಂದೆ ಕುಸಿದು ಕೂತು ಮಕ್ಕಳಂತೆ ಬಿಕ್ಕುತ್ತಿದ್ದ.

“ಕೇಳಿಸ್ತು ಕಣೇ. ಈ ಸಲ ಕೇಳಿಸ್ತು. ‘ಬನ್ನಿ, ಬೇಗ ಬನ್ನಿ’ ಅಂತ ಕೂಗ್ದೆಯಲ್ಲ, ಒಂದೇ ಉಸಿರಿಗೆ ಓಡ್ಬಂದೆ.”

ಮಹಾಲಕ್ಷ್ಮಮ್ಮ ಅವನ ಮುಖ ನೋಡಿದಳು. ಅವಳು ಕೂಗಿರಲಿಲ್ಲ. ಬಾಯಿಂದ ಒಂದು ಸೊಲ್ಲೂ ಹೊರಟಿರಲಿಲ್ಲ. ಹಳ್ಳದ ನೀರಿನ ಸದ್ದು ಬಿಟ್ಟರೆ ಸುತ್ತ ಮಂಜು, ಮರ, ಮೌನ. ಅವನು ಅವಳ ಉತ್ತರಕ್ಕೆ ಕಾಯುತ್ತಿದ್ದ.

“ಹೂಂ” ಎಂದಳು. “ನಾನೇ ಕೂಗಿದ್ದು.”

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಂದ ಲಾರಿಯವರು ನೀರು ಕೊಟ್ಟರು. ಹೊರಡುವ ಮುಂಚೆ ವೆಂಕಟರಂಗಯ್ಯ ಜಮಖಾನವನ್ನು ತೆಗೆದು ಹಿಂದಕ್ಕೆ ಹಾಕಿ, “ಮುಂದೆ ಬಾ” ಎಂದ. ಅವಳು ಕೂತಳು. ಘಟ್ಟದ ಮೇಲಿನ ಕೊಟ್ಟಿಗೆಹಾರ ತಲುಪುವವರೆಗೂ ಪಕ್ಕದ ಕಿಟಕಿಯ ಕಡೆ ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಅಲ್ಲಿಯ ಹೋಟೆಲಿನ ಬೆಂಚಿನ ಮೇಲೆ ಕಾಫಿ ಆರುತ್ತಿರುವಂತೆಯೇ ಅವನು ನಿದ್ದೆ ಹೋದ. ಮಧ್ಯಾಹ್ನದವರೆಗೂ ಅವಳು ಎಬ್ಬಿಸಲಿಲ್ಲ.

ಆಮೇಲೆ ಅವನು ಚೆನ್ನಾಗಿಯೇ ಇದ್ದ. ಮುಂದಿನ ವರ್ಷ ಸಂಕ್ರಾಂತಿ ಬಂತು, ಹೋಯಿತು, ಘಟ್ಟದ ಹೆಸರೆತ್ತಲಿಲ್ಲ. ಎಂಬತ್ತಾರರಲ್ಲಿ ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದು ಟ್ಯಾಕ್ಸಿಯನ್ನು ಅಲ್ಲಿಗೇ ತಂದ. ಬಾಡಿಗೆ ಚೆನ್ನಾಗಿ ಸಿಗುತ್ತಿತ್ತು. ನೆರೆಯವರ ಜೊತೆ ನಗುತ್ತಾ ಮಾತಾಡುತ್ತಿದ್ದ. ಮಲಗಿದರೆ ಬೆಳಗಾದಾಗಲೇ ಎಚ್ಚರ.

ನಿದ್ದೆ ಕೆಟ್ಟದ್ದು ಮಹಾಲಕ್ಷ್ಮಮ್ಮನದು. ಮಾಘದ ಮಂಜಿನ ಬೆಳಗುಗಳಲ್ಲಿ ರಂಗೋಲಿ ಹಾಕುತ್ತಿರುವಾಗ ಕೈ ತಡೆದು ನಿಲ್ಲುತ್ತಿದ್ದಳು. ಯಾರೂ ಕರೆದಿರುತ್ತಿರಲಿಲ್ಲ. ಕರೆದರೆ ಎಂದು ಕಾಯುತ್ತಿದ್ದಳು, ಅಷ್ಟೇ. ಗಂಡನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅವನಿಗೆ ಸಿಕ್ಕಿದ ನೆಮ್ಮದಿ ಹೋಗುತ್ತದೆ.

ಕೊನೆಗೆ ಅವಳು ಗುಬ್ಬಿಗೆ ಹೋಗಿ ಪದ್ಮಮ್ಮನ ತಾಯಿಯನ್ನು ಹುಡುಕಿದಳು. ಮುದುಕಿ ಮಗನ ಮನೆಯ ಜಗಲಿಯಲ್ಲಿ ಬಿಸಿಲಿಗೆ ಕೂತು ಮೊಮ್ಮಕ್ಕಳಿಗೆ ಕಡಲೆಕಾಯಿ ಬಿಡಿಸುತ್ತಿದ್ದಳು. ಗುರುತು ಹಿಡಿದು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮಹಾಲಕ್ಷ್ಮಮ್ಮ ಎಲ್ಲವನ್ನೂ ಹೇಳಿದಳು. ಪಾಚಿಗಟ್ಟಿದ ಬಂಡೆ, ಆಚೆಯ ಪ್ರಪಾತ, ಗಂಡ ಓಡಿಬಂದದ್ದು. ತಾನು ಕೂಗಲಿಲ್ಲ ಎಂಬುದನ್ನೂ ಹೇಳಿದಳು.

ಮುದುಕಿಯ ಕೈ ನಿಂತಿತು.

“ಅವ್ನು ನೂಕ್ಲಿಲ್ಲ ಅಂತೀಯಾ.”

“ಇಲ್ಲ ಅವ್ವ. ಮಲಗಿದ್ರಂತೆ. ಅಕ್ಕನೇ ಮಲಗಿ ಅಂದಿದ್ದಂತೆ.”

“ಹಂಗೇ ಅವ್ಳು” ಎಂದಳು ಮುದುಕಿ. “ಮನೇಲೂ ಯಾರ ನಿದ್ದೇನೂ ಕೆಡಿಸ್ತಿರ್ಲಿಲ್ಲ.” ಮತ್ತೆರಡು ಕಡಲೆಕಾಯಿ ಬಿಡಿಸಿ ಮಹಾಲಕ್ಷ್ಮಮ್ಮನ ಅಂಗೈಗೆ ಹಾಕಿದಳು. ಆ ಕೂಗಿನ ವಿಚಾರ ಕೇಳಲೇ ಇಲ್ಲ. ಸಿಪ್ಪೆಗಳನ್ನು ಒಂದು ಕಡೆ ಒಟ್ಟುಮಾಡಿ, ಇವಳ ಕಡೆ ತಿರುಗಿ ಕೇಳಿದಳು:

“ಅಲ್ಲಿ ಚಳಿ ಜಾಸ್ತಿಯೇನವ್ವ?”

“ಬೆಳಿಗ್ಗೆ ಹೊತ್ತು ಇರ್ತದೆ” ಎಂದಳು ಮಹಾಲಕ್ಷ್ಮಮ್ಮ. “ಬಿಸಿಲು ಬಂದ್ಮೇಲೆ ಪರ್ವಾಗಿಲ್ಲ.”