ತೊಳೆದ ಬಾಣಂತಿ ಕೋಣೆ

ನನ್ನ ಮೊದಲ ಮಗು ನಿದ್ದೆಯಲ್ಲೇ ಹೋದಾಗ ಊರಿನಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ದೃಷ್ಟಿ ಎಂದರು, ಬಾಲಗ್ರಹ ಎಂದರು. ನಮ್ಮತ್ತೆ ಮಾತ್ರ ನೇರವಾಗಿ, ನಾನೇ ನಿದ್ದೆಗಣ್ಣಿನಲ್ಲಿ ಮಗ್ಗುಲು ಹೊರಳಿ ಅಮುಕಿಬಿಟ್ಟೆ ಎಂದರು. ಡಾಕ್ಟರು ನೋಡುವ ಮೊದಲೇ ಮಣ್ಣು ಮಾಡಿದ್ದರಿಂದ ಆ ಮಾತಿಗೆ ಎದುರು ಹೇಳುವವರೇ ಇರಲಿಲ್ಲ. ಅತ್ತೆ ತೀರಿಕೊಂಡರು, ಮಾತು ಉಳಿಯಿತು. ಆಮೇಲೆ ಹುಟ್ಟಿದ ಮಗಳು ಈಗ ತಾಯಿಯಾಗಿದ್ದಾಳೆ. ಅವಳ ಕೂಸನ್ನು ನನ್ನ ಪಕ್ಕ ಮಲಗಿಸಲು ಬೀಗಿತ್ತಿ ಬಿಡುವುದಿಲ್ಲ.

ಹಾಸನದ ಲೇಡಿ ಡಾಕ್ಟರೊಬ್ಬರು, ಚೆನ್ನಾಗಿದ್ದ ಕೂಸುಗಳು ಮಲಗಿದಲ್ಲೇ ಯಾಕೆ ಸಾಯುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದಾರೆ. ಕೂಸು ಹೋದ ಮನೆಯವರು ನಮ್ಮನ್ನು ಒಳಗೇ ಬಿಡುವುದಿಲ್ಲ, ಆ ನೋವು ಉಂಡವರು ನೀವು, ಜೊತೆಗೆ ಬನ್ನಿ ಎಂದು ಅವರು ಕೇಳಿದಾಗ ಒಪ್ಪಿಕೊಂಡೆ. ಪುಣ್ಯಕ್ಕಲ್ಲ, ಹಟಕ್ಕೆ.

ಹೋದ ವರ್ಷ ನುಗ್ಗೇಹಳ್ಳಿ ಕಡೆಯ ಒಂದು ಹಳ್ಳಿಯಿಂದ ಆಶಾ ಕಾರ್ಯಕರ್ತೆ, ಕೂಸೊಂದು ರಾತ್ರಿ ಮಲಗಿದಲ್ಲೇ ಹೋಗಿದೆ ಎಂದು ಬೆಳಿಗ್ಗೆಯೇ ಫೋನ್ ಮಾಡಿದಳು. ಚನ್ನರಾಯಪಟ್ಟಣದಲ್ಲಿ ಡಾಕ್ಟರ ಕಾರು ಹತ್ತಿದೆ. ಮಗುವನ್ನು ಹೇಗೆ ಮಲಗಿಸಿದ್ದರು, ಏನು ಹೊದಿಸಿದ್ದರು ಎಂದು ಮೊದಲು ನೋಡಬೇಕು ಎಂದರು ಅವರು. ಮನೆಯವರು ಒಪ್ಪಿದರೆ ಹಾಸನಕ್ಕೆ ಒಯ್ದು ಪರೀಕ್ಷೆ ಮಾಡಬೇಕು. ಎದೆಯಲ್ಲಿ ದೋಷವಿತ್ತೇ, ಸೋಂಕಿತ್ತೇ ಎಂಬುದಾದರೂ ತಿಳಿಯಬಹುದು.

ನಾವು ಹೋಗುವಷ್ಟರಲ್ಲಿ ಬಾಣಂತಿಯ ಕೋಣೆ ತೊಳೆದಿದ್ದರು. ಸೂತಕ ಬಂತೆಂದರೆ ನಮ್ಮವರ ಕೈಗೆ ಎಲ್ಲಿಲ್ಲದ ಚುರುಕು. ಕುಲಾವಿ, ದುಪ್ಪಟಿ, ಹಾಸಿದ ಹಳೇ ಸೀರೆ ಎಲ್ಲ ಒಗೆದು ತಂತಿಯ ಮೇಲೆ ತೊಟ್ಟಿಕ್ಕುತ್ತಿದ್ದವು. ನೆಲಕ್ಕೆ ಫಿನಾಯಿಲ್ ಹಾಕಿದ್ದರು. ಕೂಸಿಗೂ ಬಿಸಿನೀರು ಹುಯ್ದು, ಹೊಸ ಬಟ್ಟೆ ಸುತ್ತಿ ಜಗಲಿಯಲ್ಲಿ ಮಲಗಿಸಿದ್ದರು. ಡಾಕ್ಟರು ಒದ್ದೆ ನೆಲ ನೋಡುತ್ತ ನಿಂತರು.

ಕೂಸನ್ನಾದರೂ ನೋಡಲು ಬಿಡಿ ಎಂದು ಮಗುವಿನ ತಾತನನ್ನು ನಾನೇ ಕೇಳಿದೆ.

"ಕುಯ್ಯಾಕೆ ಕೊಡಾಕಿಲ್ಲ ಕಣವ್ವ. ಅವ್ಳೇ ಕೂಸಿನ್ ಮ್ಯಾಲೆ ಮಗ್ಗುಲು ಬಿದ್ದವ್ಳೆ, ಅಷ್ಟೇಯ. ಇದ್ರಲ್ಲಿ ನೋಡಾದೇನೈತೆ?"

ಒಳಗೆ ಗೋಡೆಗೆ ಒರಗಿ ಕೂತಿದ್ದ ತಾಯಿ ಇನ್ನೂ ಹುಡುಗಿ. ನನ್ನ ಕೈ ಹಿಡಿದುಕೊಂಡು, "ನೀವಾದ್ರೂ ಯೋಳಿ ಅಕ್ಕ. ಕುಯ್ದ್ರೂ ಕುಯ್ಲಿ. ನಾನಲ್ಲ ಅಂತ ಗೊತ್ತಾಯ್ತದಲ್ವಾ?" ಎಂದಳು.

"ಗೊತ್ತಾಗ್ಬೋದು ಕಣವ್ವ" ಎಂದೆ. ಗೊತ್ತಾಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.

ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ, ಹೆತ್ತವಳು ಒಪ್ಪಿದ್ದಾಳೆ, ಇನ್ಯಾರ ಒಪ್ಪಿಗೆ ಬೇಕು ಎಂದೆ. ತಾತ ಮಗನ ಕಡೆ ನೋಡಿದರು. ಆ ಗಂಡಸು ತಲೆಯನ್ನೇ ಎತ್ತಲಿಲ್ಲ. ಅವನ ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಬಂತು ನನಗೆ. ಒಪ್ಪದವರನ್ನು ಬಲವಂತ ಮಾಡುವಂತಿಲ್ಲವೆಂದು ಡಾಕ್ಟರು ನನ್ನ ತೋಳು ಹಿಡಿದರು. ತೋಟದಲ್ಲಿ ಗುಂಡಿ ತೆಗೆದಾಯಿತು ಎಂದು ಯಾರೋ ಬಂದು ಹೇಳಿದರು.

ಆಗ ಹುಡುಗಿಯ ಅತ್ತೆ ಸಣ್ಣ ಲೋಟ ಹಿಡಿದು ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ನಮ್ಮ ಮನೆಗಳಲ್ಲಿ ಮೊಲೆ ಕುಡಿಯುವ ಕೂಸು ಹೋದರೆ ಗುಂಡಿಗೆ ತಾಯಿಯ ಹಾಲು ಬಿಡುತ್ತಾರೆ. ತಾಯಿ ಮಾತ್ರ ಅಲ್ಲಿಗೆ ಹೋಗುವಂತಿಲ್ಲ.

"ವಸಿ ಆಲು ಇಂಡ್ಕೊಡು, ವತ್ತಾಯ್ತದೆ" ಎಂದರು.

ಕೊಂದವಳ ಹಾಲು ಆಗುತ್ತದಾ ಎಂದು ಕೇಳಿದೆ. ಅವರು ಲೋಟವನ್ನು ಹುಡುಗಿಯ ಮುಂದೆ ಹಿಡಿದರು. ಹುಡುಗಿ ಲೋಟ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು.