ಅಗಿದಾಗ ಏರುತ್ತಿದ್ದ ಶಬ್ದ

ಮೊದಲ ದಿನ ಅದು ಮೋಟಾರಿನ ಶಬ್ದ ಅಂದುಕೊಂಡೆ. ಶೆಡ್ಡಿನಲ್ಲಿ ಆಗಷ್ಟೇ ರಿಪೇರಿ ಮುಗಿಸಿದ್ದ ಪಂಪ್ ಮೋಟಾರ್ ಓಡುತ್ತಿತ್ತು. ಅದರ ಜೊತೆಗೆ ಸಣ್ಣಗೆ, ಒಂದೇ ಸಮನೆ, ಗುಂಯ್ ಅನ್ನುವ ಸದ್ದು. ಸ್ವಿಚ್ ಆಫ್ ಮಾಡಿದೆ. ಮೋಟಾರ್ ನಿಂತಿತು.

ಶಬ್ದ ನಿಲ್ಲಲಿಲ್ಲ.

ನನ್ನ ಹೆಸರು ರಂಗಸ್ವಾಮಿ. ಮನೆ ಕುರುಬರಹಳ್ಳಿಯಲ್ಲಿ, ಕೆಲಸ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ. ಹದಿನೆಂಟು ವರ್ಷದಿಂದ ನನ್ನ ಕೆಲಸವೆಂದರೆ ಕೇಳಿಸಿಕೊಳ್ಳುವುದು. ಓಡುವ ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಎಡಗಿವಿಗೆ ಆನಿಸಿದರೆ ಸಾಕು, ಒಳಗಿನ ಬೇರಿಂಗ್ ಹೇಗಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದೆ. ಪೀಣ್ಯದ ಕಾರ್ಖಾನೆಗಳವರೂ ಹುಡುಕಿಕೊಂಡು ಬರುತ್ತಿದ್ದರು. ಅದೇ ಎಡಗಿವಿ ಈಗ ತಾನೇ ಕೂಗತೊಡಗಿತ್ತು.

ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಹೆದರಿಕೆ. ಬಲಗಿವಿಗೆ ಸ್ಕ್ರೂಡ್ರೈವರ್ ಹಿಡಿದು ನೋಡಿದೆ. ಅದಕ್ಕೆ ಆ ಪಳಗಿಕೆ ಇರಲಿಲ್ಲ. ಚೆನ್ನಾಗಿದೆ ಎಂದು ನಾನೇ ಹೇಳಿ ಕಳಿಸಿದ ಒಂದು ಮೋಟಾರ್ ಮೂರನೇ ದಿನ ಬೇರಿಂಗ್ ಜಾಮ್ ಆಗಿ ವಾಪಸ್ ಬಂತು. ಮಾಲೀಕರಾದ ಶಿವಣ್ಣನವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ರಂಗಣ್ಣ, ಸ್ವಲ್ಪ ದಿನ ವೈಂಡಿಂಗ್ ಕಡೆ ಕೂತ್ಕೊಳ್ಳಿ," ಅಂದರು, ಅಷ್ಟೇ.

ತಾಮ್ರದ ತಂತಿ ಸುತ್ತುತ್ತಾ ಕೂತೆ. ನನ್ನ ಜಾಗದಲ್ಲಿ ಬೇರೆಯವರು ಮೋಟಾರ್ ಬಿಚ್ಚಿ ನೋಡುತ್ತಿದ್ದರು.

ಇ.ಎನ್.ಟಿ. ಡಾಕ್ಟರು ಹೆಡ್‌ಫೋನ್ ಹಾಕಿಸಿ ಆಡಿಯೋಗ್ರಾಮ್ ಮಾಡಿಸಿದರು. ಕೇಳುವ ಶಕ್ತಿ ಅಷ್ಟೇನೂ ಕಮ್ಮಿಯಾಗಿರಲಿಲ್ಲ.

"ಇದಕ್ಕೆ ಟಿನಿಟಸ್ ಅಂತಾರೆ. ಫ್ಯಾಕ್ಟರಿ ಗಲಾಟೆಗೆ ನರ ವೀಕ್ ಆಗಿರುತ್ತೆ. ಅಭ್ಯಾಸ ಮಾಡ್ಕೋಬೇಕು."

"ಎಷ್ಟು ದಿನ ಸಾರ್?"

"ಜೀವನಪೂರ್ತಿ ಇರಬಹುದು."

ಮಾತ್ರೆ ನುಂಗಿದೆ. ಶಬ್ದ ಇದ್ದಲ್ಲೇ ಇತ್ತು. ಮನೆಯಲ್ಲಿ ರೇಡಿಯೋ ಜೋರು ಮಾಡಿದರೆ ರೇಗುತ್ತಿದ್ದೆ, ನಿಲ್ಲಿಸಿದರೂ ರೇಗುತ್ತಿದ್ದೆ, ಏಕೆಂದರೆ ಮನೆ ನಿಶ್ಶಬ್ದವಾದಷ್ಟೂ ಕಿವಿಯೊಳಗಿನದು ದೊಡ್ಡದಾಗುತ್ತಿತ್ತು. ಹೆಂಡತಿ ಲಕ್ಷ್ಮಿಯೂ ಮಗಳೂ ನನ್ನ ಎದುರು ಪಿಸುಮಾತಿಗೆ ಇಳಿದಿದ್ದರು. ಆ ಪಿಸುಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಒಂದು ಭಾನುವಾರ ಲಕ್ಷ್ಮಿ ಕೋಡುಬಳೆ ಕರಿದಳು. ಒಂದನ್ನು ಕಚ್ಚಿದೆ. ಕಿವಿಯೊಳಗಿನ ಶಬ್ದ ಸರ್ರನೆ ಮೇಲೇರಿತು. ಅಗಿಯುವುದನ್ನು ನಿಲ್ಲಿಸಿದೆ. ಇಳಿಯಿತು. ಮತ್ತೆ ಅಗಿದೆ. ಏರಿತು. ಬಾಯಲ್ಲಿ ಏನೂ ಇಲ್ಲದೆ ಹಲ್ಲು ಕಚ್ಚಿ ಹಿಡಿದೆ, ಏರಿತು. ಕೆಳದವಡೆಯನ್ನು ಮುಂದಕ್ಕೆ ಚಾಚಿದೆ, ಸ್ವರವೇ ಬದಲಾಯಿತು. ಎಷ್ಟೋ ವಾರಗಳ ಮೇಲೆ ಮೊದಲ ಸಲ ನನಗೆ ಹೆದರಿಕೆಯ ಬದಲು ಕುತೂಹಲ ಹುಟ್ಟಿತು.

"ಏನ್ರೀ ಅದು, ಎಮ್ಮೆ ಥರ ಬಾಯಿ ಆಡಿಸ್ತಾ ಕೂತಿದೀರ?" ಅಂದಳು ಲಕ್ಷ್ಮಿ.

"ಇಲ್ಲಿ ಬಾರೇ. ಕಿವಿ ಮುಂದೆ ಕೈ ಇಟ್ಟು ನೋಡು."

ಬೆರಳಿಟ್ಟಳು. ನಾನು ಬಾಯಿ ತೆರೆದೆ. ಅವಳು ಬೆಚ್ಚಿ ಕೈ ತೆಗೆದಳು.

"ಅಯ್ಯೋ, ಕಟಕ್ ಅಂತು ಕಣ್ರೀ!" ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು: "ಬಲಗಡೆ ದವಡೆಹಲ್ಲು ಕೀಳಿಸಿದಾಗಿಂದ ಎಡಗಡೇನೇ ಅಗೀತೀರ ನೀವು. ನಿದ್ದೇಲಿ ಹಲ್ಲು ಬೇರೆ ಕಡೀತೀರ. ಎಷ್ಟು ಸಲ ಹೇಳಿದೀನಿ!"

ಹೌದು, ಹೇಳಿದ್ದಳು. ಹಲ್ಲು ಕೀಳಿಸಿ ಎರಡು ವರ್ಷವಾಗಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಮತ್ತೆ ಇ.ಎನ್.ಟಿ. ಡಾಕ್ಟರ ಹತ್ತಿರ ಹೋದೆ. ಅವರು ನಕ್ಕರು. "ಅಗಿಯೋದಕ್ಕೂ ಕಿವಿಗೂ ಏನ್ರೀ ಸಂಬಂಧ?"

"ಗೊತ್ತಿಲ್ಲ ಸಾರ್. ಆದ್ರೆ ಲೋಡ್ ಕೊಟ್ಟಾಗ ಸೌಂಡ್ ಬದಲಾದ್ರೆ, ಲೋಡ್ ಬೀಳೋ ಜಾಗಾನ ನಾವು ಬಿಚ್ಚಿ ನೋಡ್ತೀವಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎದ್ದು ಬಂದು ನನ್ನ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು. ಎರಡು ಸಲ, ಮೂರು ಸಲ. ಆಮೇಲೆ ವಿಜಯನಗರದ ಒಬ್ಬ ಡೆಂಟಲ್ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಆ ಡಾಕ್ಟರಮ್ಮ ನಗಲಿಲ್ಲ. ದವಡೆಯ ಕೀಲು ಕಿವಿಯ ಪಕ್ಕದಲ್ಲೇ ಇದೆ, ಒಂದೇ ಕಡೆ ಅಗಿದು ಅದೂ ಅದರ ಸ್ನಾಯುಗಳೂ ಸೋತಿವೆ, ದವಡೆಯ ನರಗಳಿಂದ ಹೋಗುವ ಸಂದೇಶ ಕೆಲವರಲ್ಲಿ ಕೇಳುವ ನರಗಳ ದಾರಿಗೂ ತಾಗುತ್ತದೆ ಎಂದು ಬಿಡಿಸಿ ಹೇಳಿದರು.

"ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ ರಂಗಸ್ವಾಮಿಯವರೇ. ಆದ್ರೆ ಪ್ರಯತ್ನ ಮಾಡಬಹುದು."

ಬಲಗಡೆಗೆ ಕಟ್ಟಿಸಿದ ಹಲ್ಲು ಬಂತು. ನಿದ್ದೆಯಲ್ಲಿ ಹಲ್ಲು ಕಡಿಯದಂತೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಪಾರದರ್ಶಕವಾದ ಒಂದು ಪ್ಲೇಟ್. ದಿನಕ್ಕೆರಡು ಸಲ ಬಿಸಿಬಟ್ಟೆಯ ಶಾಖ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ನಿಧಾನವಾಗಿ ಬಾಯಿ ತೆರೆಯುವ ವ್ಯಾಯಾಮ. ಗಟ್ಟಿ ಪದಾರ್ಥ ಬಂದ್. ಮುದ್ದೆ, ಮೆತ್ತನೆ ಅನ್ನ, ಬಸ್ಸಾರು. ಮುದ್ದೆ ನುಂಗುವುದಕ್ಕೆ ಡಾಕ್ಟರ ಅಪ್ಪಣೆಯೇ ಸಿಕ್ಕಿತಲ್ಲ ಎಂದು ಲಕ್ಷ್ಮಿ ನಕ್ಕಳು. ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮೂರು ವಾರ ಏನೂ ಆಗಲಿಲ್ಲ. ಪ್ಲೇಟನ್ನು ಒಮ್ಮೆ ಗೋಡೆಗೆ ಎಸೆದೆ. ಒಡೆಯಲಿಲ್ಲ. ಲಕ್ಷ್ಮಿ ತೊಳೆದು ತಂದು ಮತ್ತೆ ನನ್ನ ಕೈಗೇ ಇಟ್ಟಳು.

ಎರಡನೇ ತಿಂಗಳು ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟ್ ಹೋಯಿತು. ಎಲ್ಲ ಯಂತ್ರಗಳೂ ನಿಂತವು. ಇನ್ನು ಕಿವಿಯೊಳಗಿನದು ಏಳುತ್ತದೆ ಎಂದು ಮೈ ಬಿಗಿ ಮಾಡಿ ಕಾದೆ. ಪಕ್ಕದ ಬಿಸಿ ಮೋಟಾರ್ ಆರುತ್ತಾ ಟಿಕ್, ಟಿಕ್ ಅನ್ನುತ್ತಿತ್ತು.

ಅದು ನನಗೆ ಕೇಳಿಸಿತು.

ಶಿವಣ್ಣನವರ ಮುಂದೆ ಹೋಗಿ ನಿಂತೆ. "ಸಾರ್, ನನ್ನನ್ನ ಒಂದು ಸಲ ಪರೀಕ್ಷೆ ಮಾಡಿ."

ಕರೆಂಟ್ ಬಂದ ಮೇಲೆ ಐದು ಮೋಟಾರ್ ಸಾಲಾಗಿ ಓಡಿಸಿದರು. ಎಡಗಿವಿಗೆ ಸ್ಕ್ರೂಡ್ರೈವರ್ ಆನಿಸಿದೆ. ನಾಲ್ಕನೆಯದರ ಹತ್ತಿರ ನಿಂತು, ಮರಳು ಅರೆದ ಹಾಗಿನ ಆ ಸಣ್ಣ ಸದ್ದನ್ನು ಎರಡು ಸಲ ಕೇಳಿದೆ. "ಇದರ ಹಿಂದಿನ ಬೇರಿಂಗ್ ಹೋಗಿದೆ. ಮಿಕ್ಕಿದ್ದೆಲ್ಲ ಸರಿ ಇದೆ." ಐದನ್ನೂ ಬಿಚ್ಚಿಸಿದರು. ನಾಲ್ಕನೆಯದರ ಹಿಂದಿನ ಬೇರಿಂಗಿನ ಗುಂಡುಗಳು ಸವೆದು ಮಂಕಾಗಿದ್ದವು. ಶಿವಣ್ಣನವರು ಜೋರಾಗಿ ನಕ್ಕು, ಎಲ್ಲರಿಗೂ ಟೀ ತರಿಸಿದರು. ವೈಂಡಿಂಗ್ ಬೆಂಚಿನ ಮೇಲಿದ್ದ ನನ್ನ ಟಿಫನ್ ಕ್ಯಾರಿಯರನ್ನು ಅವರೇ ಎತ್ತಿ ತಂದು ನನ್ನ ಹಳೆಯ ಜಾಗದಲ್ಲಿಟ್ಟರು.

ಕಳೆದ ವಾರ ಡಾಕ್ಟರಮ್ಮ ತಾವು ಪಾಠ ಮಾಡುವ ಕಾಲೇಜಿಗೆ ನನ್ನನ್ನು ಕರೆಸಿಕೊಂಡರು. ಬಿಳಿಕೋಟಿನ ಇಪ್ಪತ್ತು ಮಂದಿ ಹುಡುಗ ಹುಡುಗಿಯರು. ನಾನು ಎಸ್.ಎಸ್.ಎಲ್.ಸಿ. ಫೇಲು. ಕುರ್ಚಿ ಹಾಕಿ ಮುಂದೆ ಕೂರಿಸಿದರು. ಸರದಿಯ ಮೇಲೆ ಬಂದು ನನ್ನ ದವಡೆಯ ಕೀಲು ಮುಟ್ಟಿ ನೋಡಿದರು.

"ಹಲ್ಲು ಕಚ್ಚಿದಾಗ ಶಬ್ದ ಎಷ್ಟು ಏರುತ್ತೆ ಅಂತ ಕೈಯಲ್ಲೇ ತೋರಿಸಿ," ಅಂದರು ಡಾಕ್ಟರಮ್ಮ.

ಹಲ್ಲು ಕಚ್ಚಿದೆ. ಕೈ ಎತ್ತಿದೆ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಮೊದಲು ಎಲ್ಲಿಗೆ ಹೋಗ್ತಿತ್ತು ಸಾರ್?" ಮುಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು.

ನಾನು ಕುರ್ಚಿಯಿಂದ ಎದ್ದು, ತುದಿಗಾಲಲ್ಲಿ ನಿಂತು, ಕೈಯನ್ನು ತಲೆಯ ಮೇಲಕ್ಕೆ, ಎಟುಕುವಷ್ಟೂ ಎತ್ತಿ ತೋರಿಸಿದೆ. ಇಪ್ಪತ್ತು ಪೆನ್ನುಗಳೂ ಅದನ್ನು ಬರೆದುಕೊಂಡವು.